ಚಿಟ್ಟೆಮನೆಯ ಹಿತ್ತಿಲು

ಬನ್ನೇರುಘಟ್ಟಕ್ಕೆ ಪ್ರವಾಸ ಹೋಗಿಬಂದ ನಮ್ಮ ಕಡೆಯ ಶಾಲಾ ಮಕ್ಕಳನ್ನು ಮಾತಿಗೆಳೆದರೆ ಮೊದಲು ಹುಲಿಯ ಸುದ್ದಿ, ಆಮೇಲೆ ಸಿಂಹ, ಅದಾದ ಮೇಲೆ ಸಫಾರಿ ಬಸ್ಸಿನ ಜಾಲರಿ ಹತ್ತಿರ ಬಂದ ಕರಡಿ. ಚಿಟ್ಟೆಮನೆ ನೆನಪಾಗುವುದು ಕೊನೆಗೆ: ಒಳಗೆ ಸೆಕೆ ಇತ್ತು, ನೀರು ಬೀಳುತ್ತಿತ್ತು, ಮುಟ್ಟಬೇಡಿ ಅಂದರು. ಸಿಂಧನೂರಿನಿಂದ ಸುಮಾರು 400 ಕಿಲೋಮೀಟರ್ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋದ ಆ ಮಕ್ಕಳಿಗೆ ಹೇಳಬೇಕಾದ ಸಂಗತಿಯೊಂದಿದೆ. ಆ ಗುಮ್ಮಟದೊಳಗೆ ಸಂಬಳದ ಆಳು ಇಟ್ಟು ಸಾಕುವ ಪಾತರಗಿತ್ತಿಗಳಲ್ಲಿ ಎಷ್ಟೋ ಜಾತಿಗಳು ಅವರ ಊರಿನ ಬದುವಿನ ಮೇಲೆ, ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ, ಮಾರುತಿ ಗುಡಿಯ ಹಿಂದಿನ ಎಕ್ಕೆಗಿಡದಲ್ಲಿ ಯಾರ ಹಂಗೂ ಇಲ್ಲದೆ ಹುಟ್ಟುತ್ತವೆ.

ಗೋಣಿಸೊಪ್ಪನ್ನೇ ನೋಡಿ. ಬಚ್ಚಲ ಬಾಯಿಯಲ್ಲಿ, ತೋಟದ ತೇವದಲ್ಲಿ ನೆಲಕ್ಕೆ ಹಬ್ಬಿಕೊಂಡು ಬೆಳೆಯುವ ದಪ್ಪ ಎಲೆಯ ಸೊಪ್ಪು. ಕಿತ್ತು ಪಲ್ಯ ಮಾಡುತ್ತೇವೆ, ಇಲ್ಲವೇ ಕಿತ್ತು ಎಸೆಯುತ್ತೇವೆ. ಡನಾಯ್ಡ್ ಎಗ್‌ಫ್ಲೈ ಎಂಬ ಚಿಟ್ಟೆ ಮೊಟ್ಟೆಯಿಡುವ ಮುಖ್ಯ ಗಿಡಗಳಲ್ಲಿ ಇದೊಂದು. ಗಂಡು ಕಪ್ಪು, ರೆಕ್ಕೆಯ ಮೇಲೆ ನೇರಳೆ ಅಂಚಿನ ಬಿಳಿ ಬೊಟ್ಟು. ಹೆಣ್ಣು ಗಂಡನ್ನು ಕಿಂಚಿತ್ತೂ ಹೋಲುವುದಿಲ್ಲ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ವೇಷ ತೊಟ್ಟು ಹಾರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪಟ್ಟಿಗಳು 2022ರಲ್ಲಿ ತಿದ್ದುಪಡಿಯಾಗುವವರೆಗೆ ಈ ಚಿಟ್ಟೆ ಒಂದನೇ ಅನುಸೂಚಿಯಲ್ಲಿತ್ತು. ಅಂದರೆ ಕಾನೂನಿನ ಪುಸ್ತಕದಲ್ಲಿ ಹುಲಿಯ ಮನೆಯಲ್ಲೇ ಅದಕ್ಕೂ ಜಾಗ. ಹುಲಿ ನೋಡಲು 400 ಕಿಲೋಮೀಟರ್ ಹೋಗಬೇಕು, ಇದನ್ನು ನೋಡಲು ಹಿತ್ತಿಲ ಬಾಗಿಲು ತೆರೆದರೆ ಸಾಕಾಗಿತ್ತು. ಅಷ್ಟು ಸಾಮಾನ್ಯವಾದದ್ದನ್ನು ಒಂದನೇ ಅನುಸೂಚಿಗೆ ಸೇರಿಸಿದವರ ಲೆಕ್ಕಾಚಾರ ಏನಿತ್ತೋ; ಚಿಟ್ಟೆ ಬಲ್ಲವರು ಅದನ್ನು ಬಹಳ ಕಾಲ ಪ್ರಶ್ನಿಸಿದರು. ಆದರೆ ಆ ಪಟ್ಟಿಯನ್ನು ಮಾಡಿದ ಕಾನೂನಾಗಲಿ, ತಿದ್ದಿದ ಕಾನೂನಾಗಲಿ ಗೋಣಿಸೊಪ್ಪಿನ ಬಗ್ಗೆ ಚಕಾರ ಎತ್ತಲಿಲ್ಲ.

ಗುಮ್ಮಟ ಮತ್ತು ಅದರ ಹಿಂದೆ

ಭಾರತದ ಮೊದಲ ಚಿಟ್ಟೆ ಉದ್ಯಾನ ಎಂದು ಹೆಸರಾದ ಬನ್ನೇರುಘಟ್ಟದ ಈ ಮನೆ 2006ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಉದ್ಘಾಟಿಸಿದವರು ಆಗಿನ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವ ಕಪಿಲ್ ಸಿಬಲ್. ಕರ್ನಾಟಕ ಮೃಗಾಲಯ ಪ್ರಾಧಿಕಾರ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಕೂಡಿ ಕಟ್ಟಿದ್ದು. ಹಣ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು. ಒಟ್ಟು 7.5 ಎಕರೆ. ಅದರೊಳಗೆ 10,000 ಚದರಡಿಯ ದುಂಡನೆ ಮನೆ, ಬಿಸಿಲನ್ನು ಸೋಸಿ ಬಿಡುವ ಪಾಲಿಕಾರ್ಬೊನೇಟ್ ಚಾವಣಿ, ಕೃತಕ ಜಲಪಾತ, ಹೂವಿನ ಪೊದೆಗಳು. ಅದನ್ನು ದಾಟಿದರೆ ಚಿಟ್ಟೆಗಳ ಸಂಗ್ರಹಾಲಯ.

ನೋಡುಗರ ಕಣ್ಣಿಗೆ ಮನೆ ಅಂದರೆ ಗುಮ್ಮಟ. ನಡೆಸುವವರಿಗೆ ಹಾಗಲ್ಲ. ಸಿಂಹವನ್ನು ತಂದು ಬಿಟ್ಟರೆ ಹದಿನೈದು ವರ್ಷದ ಮಾತು ಮುಗಿಯಿತು. ಚಿಟ್ಟೆಗೆ ರೆಕ್ಕೆ ಬಂದ ಮೇಲೆ ಹೆಚ್ಚಿನ ಜಾತಿಗಳ ಆಯುಸ್ಸು ಎರಡು ಮೂರು ವಾರ. ಗುಮ್ಮಟ ಖಾಲಿಯಾಗಬಾರದು ಎಂದರೆ ಪ್ರತಿ ವಾರ ಹೊಸ ಚಿಟ್ಟೆಗಳು ಬರುತ್ತಲೇ ಇರಬೇಕು. ಅದಕ್ಕಾಗಿ ಹಿಂದುಗಡೆ ಒಂದು ಸಾಕಣೆ ಕೋಣೆ, ಅದಕ್ಕೆ ಮೇವು ಒದಗಿಸುವ ಗಿಡಗಳ ನರ್ಸರಿ. ಎಲೆಯಡಿಯ ಮೊಟ್ಟೆ ಹುಡುಕಿ ತರಬೇಕು, ಮೊಟ್ಟೆ ಒಡೆದ ದಿನದಿಂದ ಹುಳುವಿಗೆ ತಾಜಾ ಎಲೆ ಹಾಕಬೇಕು, ಹಿಕ್ಕೆ ತೆಗೆಯಬೇಕು, ಇರುವೆ ಬರದಂತೆ ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡಬೇಕು. ರೇಷ್ಮೆ ಸಾಕಿದವರಿಗೆ ಈ ಕೆಲಸ ಹೊಸದೇನಲ್ಲ. ಓತಿಕ್ಯಾತ ನುಗ್ಗಬಾರದು, ಜೇಡ ಬಲೆ ಕಟ್ಟಬಾರದು. ಮೊಟ್ಟೆಯೊಳಗೇ ಮೊಟ್ಟೆಯಿಡುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳಿವೆ, ಹುಳುವಿನ ಮೈಮೇಲೆ ಮೊಟ್ಟೆ ಅಂಟಿಸಿ ಹೋಗುವ ನೊಣಗಳಿವೆ. ವೈರಸ್ ಸೋಂಕು ಹತ್ತಿದರೆ ಒಂದು ಪೆಟ್ಟಿಗೆಯ ಹುಳುಗಳು ಮೈ ಕರಗಿ ತಲೆಕೆಳಗಾಗಿ ಜೋತುಬೀಳುತ್ತವೆ.

ಇವೆಲ್ಲಕ್ಕಿಂತ ದೊಡ್ಡ ತಲೆನೋವು ಊಟದ್ದು. ಚಿಟ್ಟೆ ಹಲವು ಹೂವಿನ ಮಕರಂದ ಕುಡಿಯುತ್ತದೆ. ಅದರ ಹುಳು ಮಾತ್ರ ಮಹಾ ಮಡಿವಂತ. ಒಂದೋ ಎರಡೋ ಕುಟುಂಬದ ಗಿಡ ಬಿಟ್ಟು ಬೇರೆ ಮುಟ್ಟದು, ಸಾಯುತ್ತದೆ ಹೊರತು ಬಾಯಿ ಬದಲಿಸುವುದಿಲ್ಲ. ಗಿಡಗಳು ಕೀಟಗಳನ್ನು ದೂರವಿಡಲು ಎಲೆಯಲ್ಲಿ ವಿಷ ತುಂಬಿಕೊಂಡಿರುತ್ತವೆ. ಒಂದೊಂದು ಚಿಟ್ಟೆಯೂ ಲಕ್ಷಾಂತರ ವರ್ಷಗಳಲ್ಲಿ ಒಂದೊಂದು ಬಗೆಯ ವಿಷವನ್ನು ಅರಗಿಸಿಕೊಳ್ಳಲು ಕಲಿತಿದೆ. ಆ ಗಿಡ ಅದಕ್ಕೆ ಅನ್ನವೂ ಹೌದು, ಬೇರೆಯವರು ಪಾಲು ಕೇಳದಂತೆ ಕಾಯುವ ಬೇಲಿಯೂ ಹೌದು.

ಹಾಗಾಗಿ ಚಿಟ್ಟೆಮನೆಯ ಜೀವ ಇರುವುದು ಹಿಂದಿನ ನರ್ಸರಿಯಲ್ಲಿ. ದಕ್ಷಿಣ ಭಾರತದಲ್ಲಿ ದೇಸಿ ಚಿಟ್ಟೆ ಸಾಕುವ ಯಾರೇ ಆದರೂ ಬೆಳೆಸಲೇಬೇಕಾದ ಗಿಡಗಳ ಪಟ್ಟಿ ಓದಿದರೆ ರಾಯಚೂರು ಜಿಲ್ಲೆಯ ರೈತ ನಕ್ಕಾನು. ಎಕ್ಕೆ, ಔಡಲ, ಕರಿಬೇವು, ನಿಂಬೆ, ತಂಗಡಿ, ಕಕ್ಕೆ, ಬಾರಿ, ಜಾಲಿ, ಈಶ್ವರಿ ಬಳ್ಳಿ, ಗೋಣಿಸೊಪ್ಪು. ನಿಂಬೆ, ಕರಿಬೇವು ಬಿಟ್ಟರೆ ಉಳಿದದ್ದನ್ನೆಲ್ಲ ಅವನು ಕಡಿಯುವುದಕ್ಕೆ ಕೂಲಿ ಕೊಡುತ್ತಾನೆ.

ಮೂರು ತಾಲ್ಲೂಕು, ಮೂರು ನೆಲ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲೆ ಪೋಣಿಸಿದಂತಿರುವ ಊರುಗಳು. ಆ ರಸ್ತೆಯಲ್ಲಿ ಹೋಗುವಾಗ ಕಿಟಕಿಯ ಹೊರಗಿನ ಬಣ್ಣ ಬದಲಾಗುವುದನ್ನು ನೋಡಬೇಕು. ಸಿಂಧನೂರಿನ ಸುತ್ತ ಭತ್ತದ ಹಸಿರು, ಕಾಲುವೆ, ರೈಸ್‌ಮಿಲ್ಲು, ಹೆಸರಿನ ಕೊನೆಗೆ ‘ಕ್ಯಾಂಪ್’ ಎಂದು ಅಂಟಿಸಿಕೊಂಡ ಊರುಗಳು. ಮಸ್ಕಿ ಹತ್ತಿರ ಬಂದಂತೆ ಕಲ್ಲುಗುಡ್ಡ ಏಳುತ್ತದೆ, ಮಲ್ಲಯ್ಯನ ಬೆಟ್ಟ ಕಾಣುತ್ತದೆ. ಲಿಂಗಸುಗೂರು ಕಡೆ ಹೊರಳಿದರೆ ತೊಗರಿ, ಸಜ್ಜೆ, ಕುರುಚಲು, ಒಂದು ಕಡೆ ಹಟ್ಟಿಯ ಚಿನ್ನದ ಗಣಿ, ಇನ್ನೊಂದು ಕಡೆ ಮುದಗಲ್ಲಿನ ಕೋಟೆ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳ ಸಾಲಿನಲ್ಲಿ ರಾಯಚೂರು ನಿಲ್ಲುತ್ತದೆ. ಇಲ್ಲಿ ಕಾಡಿನ ಕೆಲಸವನ್ನು ಮಾಡುತ್ತಿದ್ದದ್ದು ಬದು, ಹಳ್ಳದ ದಂಡೆ, ಗುಡ್ಡದ ಬುಡ, ಗೋಮಾಳ.

ತುಂಗಭದ್ರಾ ಜಲಾಶಯದ ನೀರು 1953ರಲ್ಲಿ ಕಾಲುವೆಗೆ ಇಳಿಯಿತು. ಎಡದಂಡೆ ಕಾಲುವೆಯ ಮೂಲ ಯೋಜನೆಯಲ್ಲಿ ಭತ್ತಕ್ಕೆ ದೊಡ್ಡ ಜಾಗವಿರಲಿಲ್ಲ. ನೀರನ್ನು ತೆಳ್ಳಗೆ ಹಂಚಿ, ಜೋಳ ಹತ್ತಿಯಂತಹ ಬೆಳೆಗೆ ಬರಗಾಲದಲ್ಲಿ ಆಸರೆಯಾಗಿಸಬೇಕು ಎಂಬುದು ಲೆಕ್ಕ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪ್ ಹೂಡಿದ ರೈತರಿಗೆ ನೀರಾವರಿ ಭತ್ತ ಗೊತ್ತಿತ್ತು. ಅವರು ಬೆಳೆದರು, ಸ್ಥಳೀಯರು ಕಲಿತರು, ಯೋಜನೆಯ ಕಾಗದ ಕಾಗದವಾಗಿಯೇ ಉಳಿಯಿತು. ಜೋಳದ ಹೊಲಗಳ ನಡುವಿನ ಅಗಲ ಬದುಗಳು ಗದ್ದೆಯ ಕಿರಿದಾದ ಒಡ್ಡುಗಳಾದವು. ಹೊಲ ಮಟ್ಟ ಮಾಡುವಾಗ ಬಾರಿಗಿಡ, ಜಾಲಿಮರ ಹೋದವು.

ಇದನ್ನು ಹೇಳುವಾಗ ಎಚ್ಚರ ಬೇಕು. ನಮ್ಮ ಕಡೆ ನೀರು ಬೇಡ ಎನ್ನುವವನ ಜೊತೆ ಯಾರೂ ಮಾತು ಮುಂದುವರಿಸುವುದಿಲ್ಲ, ಮುಂದುವರಿಸಲೂಬಾರದು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತದ್ದನ್ನು, 2021ರ ಉಪಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾದದ್ದನ್ನು ನೋಡಿದವರಿಗೆ ಒಣನೆಲದ ಸಂಕಟ ಏನೆಂದು ಗೊತ್ತು. ಚಿಟ್ಟೆಗಳ ಕಣ್ಣಿನಿಂದ ನೋಡಿದರೂ ಕಾಲುವೆ ಬರೀ ನಷ್ಟದ ಲೆಕ್ಕವಲ್ಲ. ಸಂಜೆ ಹೊತ್ತು ದೀಪದ ಬಳಿ ಗೋಡೆಗೆ ಕೂರುವ ಒಣಗಿದೆಲೆ ಬಣ್ಣದ ಈವ್ನಿಂಗ್ ಬ್ರೌನ್ ಚಿಟ್ಟೆಯ ಹುಳು ಭತ್ತದ ಗರಿ ತಿಂದು ಬೆಳೆಯುತ್ತದೆ. ಎಲೆ ಸುತ್ತಿ ಒಳಗೆ ಕೂರುವ ಸ್ವಿಫ್ಟ್ ಚಿಟ್ಟೆಗಳ ಹುಳುಗಳೂ ಹಾಗೆಯೇ. ಭತ್ತ ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಸೆಣಬು, ಡಯಾಂಚ ಬಿತ್ತುವ ರೈತರಿದ್ದಾರೆ. ಡಯಾಂಚದ ಮೇಲೆ ಹಳದಿ ಬಣ್ಣದ ಗ್ರಾಸ್ ಯೆಲ್ಲೊ ಮೊಟ್ಟೆಯಿಡುತ್ತದೆ. ಸೆಣಬಿನ ಜಾತಿಯ ಗಿಡಗಳಿಗೆ ಟೈಗರ್ ಚಿಟ್ಟೆಗಳ ಗಂಡುಗಳು ಮುತ್ತಿಗೆ ಹಾಕುವುದು ಇನ್ನೊಂದು ಕಾರಣಕ್ಕೆ: ಅವುಗಳ ರಸದಲ್ಲಿರುವ ಆಲ್ಕಲಾಯ್ಡ್ ಹೀರಿ, ಅದರಿಂದ ಹೆಣ್ಣನ್ನು ಒಲಿಸಿಕೊಳ್ಳುವ ವಾಸನೆ ತಯಾರಿಸಿಕೊಳ್ಳುತ್ತವೆ.

ಪೆಟ್ಟು ಬಿದ್ದದ್ದು ಬೇರೆ ಎರಡು ಕಡೆಯಿಂದ. ಒಂದು, ಬಳ್ಳಾರಿ ಜಾಲಿ. ಉರುವಲಿಗೆಂದು ಬಂದ ಈ ಪರದೇಶಿ ಗಿಡ ಗೋಮಾಳ, ಹಳ್ಳ, ಕೆರೆಯಂಗಳ ಯಾವುದನ್ನೂ ಬಿಡಲಿಲ್ಲ. ಅದರಡಿ ಬೇರೆ ಗಿಡ ಏಳುವುದು ಕಷ್ಟ. ನಮ್ಮ ಕರಿಜಾಲಿಯ ಮೊಗ್ಗು, ಚಿಗುರು ತಿಂದು ಬದುಕುವ ಬಬೂಲ್ ಬ್ಲೂ ಚಿಟ್ಟೆಗೆ ಸಹಜವಾಗಿ ನಮ್ಮ ಜಾಲಿಯೇ ಬೇಕು. ಇನ್ನೊಂದು, ಕಳೆಯೆಣ್ಣೆ. ಹತ್ತಿಗೆ, ಮೆಣಸಿನಕಾಯಿಗೆ, ಭತ್ತಕ್ಕೆ ಹುಳದ ಎಣ್ಣೆ ಹೊಡೆಯುವುದು ಹಳೆಯ ಕಥೆ. ಕೂಲಿ ದುಬಾರಿಯಾದ ಮೇಲೆ ಬದುವಿಗೂ ಕಳೆನಾಶಕ ಹೊಡೆಯುವುದು ಹೊಸದು. ಹುಳದ ಎಣ್ಣೆ ಆ ವರ್ಷದ ಹುಳುವನ್ನು ಕೊಲ್ಲುತ್ತದೆ. ಮುಂದಿನ ಮಳೆಗೆ ಬೇರೆ ಕಡೆಯಿಂದ ತಾಯಿ ಚಿಟ್ಟೆ ಹಾರಿಬಂದೀತು. ಕಳೆಯೆಣ್ಣೆ ಬಿದ್ದ ಬದುವಿಗೆ ಹಾರಿಬಂದವಳಿಗೆ ಮೊಟ್ಟೆಯಿಡಲು ಎಲೆಯೇ ಇರುವುದಿಲ್ಲ.

ಇದು ಅಮೆರಿಕ ಈಗಾಗಲೇ ಕಲಿತ ಪಾಠ. ಅಲ್ಲಿನ ಮೊನಾರ್ಕ್ ಚಿಟ್ಟೆ ನಮ್ಮ ಪ್ಲೇನ್ ಟೈಗರ್‌ಗೆ ಹತ್ತಿರದ ದಾಯಾದಿ. ಅದರ ಹುಳುವಿನ ಊಟ ಎಕ್ಕೆಯ ಬಳಗದ ಮಿಲ್ಕ್‌ವೀಡ್. ಕಳೆನಾಶಕ ತಾಳಿಕೊಳ್ಳುವ ಮೆಕ್ಕೆಜೋಳ, ಸೋಯಾ ಬಂದ ಮೇಲೆ ಅಲ್ಲಿನ ಹೊಲಗಳೊಳಗೆ ಮಿಲ್ಕ್‌ವೀಡ್ ಹೇಳಹೆಸರಿಲ್ಲದಂತಾಯಿತು. ಮೆಕ್ಸಿಕೊದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್‌ಗಳ ಸಂಖ್ಯೆ ಕುಸಿದದ್ದಕ್ಕೆ ವಿಜ್ಞಾನಿಗಳು ಹೇಳುವ ಕಾರಣಗಳಲ್ಲಿ ಅದು ಪ್ರಮುಖವಾದದ್ದು. ಈಗ ಅಲ್ಲಿ ಜನ ದುಡ್ಡು ಕೊಟ್ಟು ಮಿಲ್ಕ್‌ವೀಡ್ ಬೀಜ ಕೊಂಡು ಮನೆ ಮುಂದೆ ಹಾಕುತ್ತಾರೆ. ನಮ್ಮಲ್ಲಿ ಎಕ್ಕೆ ಇನ್ನೂ ಉಳಿದಿರುವುದಕ್ಕೆ ಅದರ ಹಠ ಅರ್ಧ ಕಾರಣ, ಶನಿವಾರ ಮಾರುತಿಗೆ ಹಾಕುವ ಮಾಲೆ ಉಳಿದರ್ಧ. ಎಕ್ಕೆಯ ಹಾಲು ಬಾಯಿ ಸುಡುವಂಥದ್ದು. ಪ್ಲೇನ್ ಟೈಗರ್‌ನ ಹುಳು ಮೊದಲು ಎಲೆಯ ನರವನ್ನು ಕಚ್ಚಿ ಹಾಲು ಸುರಿದುಹೋಗುವಂತೆ ಮಾಡಿ, ಆಮೇಲೆ ತಿನ್ನಲು ತೊಡಗುತ್ತದೆ. ಗಿಡದ ವಿಷವನ್ನು ಮೈಯಲ್ಲೇ ಶೇಖರಿಸಿಕೊಳ್ಳುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಕಿತ್ತಳೆ ಬಣ್ಣದ ತಂಟೆಗೆ ಮತ್ತೆ ಹೋಗುವುದಿಲ್ಲ. ಗೋಣಿಸೊಪ್ಪು ತಿಂದು ಬೆಳೆದ, ವಿಷವೇ ಇಲ್ಲದ ಡನಾಯ್ಡ್ ಎಗ್‌ಫ್ಲೈ ಹೆಣ್ಣು ಆ ವೇಷ ಹಾಕುವುದು ಅದಕ್ಕೇ. ಎಕ್ಕೆ ಹೋದರೆ ಪ್ಲೇನ್ ಟೈಗರ್ ಹೋಯಿತು. ಅದು ಹೋದ ಊರಿನಲ್ಲಿ ಹಕ್ಕಿಗಳಿಗೆ ಪಾಠ ಕಲಿಸುವವರಿಲ್ಲ, ವೇಷಕ್ಕೆ ಬೆಲೆಯಿಲ್ಲ.

ಇಂಥದೇ ಇನ್ನೊಂದು ಜೋಡಿ ಕಪ್ಪುನೆಲದ್ದು. ಈಶ್ವರಿ ಬಳ್ಳಿಯ ಹತ್ತಿರದ ಸಂಬಂಧಿಯೊಂದು ಎರೆಹೊಲದಲ್ಲಿ ಕಳೆಯಾಗಿ ಹಬ್ಬುತ್ತದೆ. ಕೆಲವು ಕಡೆ ಕತ್ತೆಕಿರುಬನ ಗಿಡ ಎನ್ನುತ್ತಾರೆ. ಕಹಿ, ಕೆಟ್ಟ ವಾಸನೆ, ಆಡು ಕೂಡ ಮೂಸಿ ಬಿಡುತ್ತದೆ. ಕಡುಗೆಂಪು ಮೈಯ, ಕಪ್ಪು ರೆಕ್ಕೆಯ ಕ್ರಿಮ್ಸನ್ ರೋಸ್ ಚಿಟ್ಟೆಯ ಹುಳುವಿಗೆ ಅದೇ ಮೃಷ್ಟಾನ್ನ. ಇದೂ ಹಳೆಯ ಒಂದನೇ ಅನುಸೂಚಿಯ ಚಿಟ್ಟೆ. ಕರಿಬೇವು, ನಿಂಬೆ ತಿಂದು ಬೆಳೆಯುವ ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಒಂದು ಬಗೆ ಈ ವಿಷಕಾರಿ ಚಿಟ್ಟೆಯ ವೇಷ ಹಾಕುತ್ತದೆ. ಚಿಟ್ಟೆಮನೆಯೊಳಗೆ ಇವೆರಡನ್ನೂ ಒಂದೇ ಹೂವಿನ ಮೇಲೆ ತೋರಿಸಬಹುದು, ಮಕ್ಕಳು ಬೆರಗಾಗುತ್ತಾರೆ. ಆದರೆ ಗುಮ್ಮಟದೊಳಗೆ ಹಕ್ಕಿಯೇ ಇಲ್ಲ. ವೇಷ ಯಾರನ್ನು ವಂಚಿಸಲಿಕ್ಕೋ ಅವರೇ ಹೊರಗೆ.

ರಾಜ್ಯದ ಚಿಟ್ಟೆ, ನಮ್ಮ ಚಿಟ್ಟೆ

ಕರ್ನಾಟಕಕ್ಕೆ ಒಂದು ರಾಜ್ಯ ಚಿಟ್ಟೆ ಇದೆ: ಸದರ್ನ್ ಬರ್ಡ್‌ವಿಂಗ್. ಮಹಾರಾಷ್ಟ್ರ 2015ರಲ್ಲಿ ಬ್ಲೂ ಮಾರ್ಮನ್ ಅನ್ನು ಆರಿಸಿಕೊಂಡ ಬೆನ್ನಿಗೆ ನಮ್ಮ ರಾಜ್ಯವೂ ಆರಿಸಿತು. ಹಳದಿ ಮತ್ತು ಕೆಂಪು ನಾಡಧ್ವಜಕ್ಕೆ ಹೊಂದುತ್ತದೆ ಎಂಬುದೂ ಒಂದು ಕಾರಣವಾಯಿತು. ಗಾತ್ರದಲ್ಲಿ ಅದು ಬಹುಕಾಲ ಭಾರತದ ಅತಿ ದೊಡ್ಡ ಚಿಟ್ಟೆ. ಬ್ರಿಗೇಡಿಯರ್ ಇವಾನ್ಸ್ 1932ರಲ್ಲಿ ದಾಖಲಿಸಿದ 190 ಮಿಲಿಮೀಟರ್ ರೆಕ್ಕೆಹರವನ್ನು ಮೀರಿಸಲು 2020ರವರೆಗೆ ಕಾಯಬೇಕಾಯಿತು, ಅದೂ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರಿನಿಂದ ಮೀರಿಸಿತು. ಎಲ್ಲ ಸರಿ. ಆದರೆ ಅದು ಸಹ್ಯಾದ್ರಿಯ ಚಿಟ್ಟೆ. ಸಿಂಧನೂರಿನ ಮಗು ಅದನ್ನು ಪಠ್ಯಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ದಾಯಾದಿತನ ಮಾತ್ರ ಉಂಟು: ಬರ್ಡ್‌ವಿಂಗ್‌ನ ಹುಳು ತಿನ್ನುವುದೂ ಈಶ್ವರಿ ಬಳ್ಳಿಯ ಕುಟುಂಬವನ್ನೇ.

ನಮ್ಮ ನೆಲದ ಪಾತರಗಿತ್ತಿಗಳು ಬಹುಪಾಲು ಸಣ್ಣವು. ಬಾರಿಗಿಡದ ಮೇಲೆ ಪಿಯೆರೋಗಳು, ಜಾಲಿಯ ಮೇಲೆ ನೀಲಿಗಳು, ಗುಡ್ಡದ ಮುಳ್ಳುಪೊದೆಗಳಲ್ಲಿ ರೆಕ್ಕೆಯ ತುದಿಗೆ ಕಿತ್ತಳೆ ಹಚ್ಚಿಕೊಂಡ ಬಿಳಿಯವು, ನೆಲಕ್ಕೆ ಗೇಣು ಮೇಲೆ ಹಾರುವ ಗ್ರಾಸ್ ಜ್ಯುವೆಲ್. ಈ ಕೊನೆಯದು ರೆಕ್ಕೆ ಬಿಚ್ಚಿದರೆ ಒಂದೂವರೆ, ಎರಡು ಸೆಂಟಿಮೀಟರ್. ದೇಶದ ಅತಿ ಸಣ್ಣ ಚಿಟ್ಟೆಗಳಲ್ಲಿ ಒಂದು. ನೀಲಿಗಳ ಹುಳುಗಳಲ್ಲಿ ಎಷ್ಟೋ ಇರುವೆಗಳ ಜೊತೆ ಒಪ್ಪಂದ ಮಾಡಿಕೊಂಡಿವೆ: ಹುಳು ಮೈಯಿಂದ ಸಿಹಿ ಹನಿ ಸ್ರವಿಸುತ್ತದೆ, ಇರುವೆ ಅದನ್ನು ನೆಕ್ಕುತ್ತಾ ಶತ್ರುಗಳಿಂದ ಕಾಯುತ್ತದೆ. ಟಿಕೆಟ್ ಕೊಂಡು ಬಂದವರಿಗೆ ಇದನ್ನೆಲ್ಲ ತೋರಿಸುವುದು ಹೇಗೆ? ಚಿಟ್ಟೆಮನೆಗಳು ದೊಡ್ಡ ರೆಕ್ಕೆಯವನ್ನು, ನಿಧಾನ ಹಾರುವವನ್ನು, ಹೂವಿನ ಮೇಲೆ ಹೊತ್ತುಗಟ್ಟಲೆ ಕೂರುವವನ್ನು ಆರಿಸಿಕೊಳ್ಳುತ್ತವೆ. ತಪ್ಪೆನ್ನಲಾಗದು. ಆದರೆ ಸಂರಕ್ಷಣೆ ಎಂಬ ಫಲಕದಡಿ ಸಾಕುವುದು ಬಹುತೇಕ ಸಾಮಾನ್ಯ ಜಾತಿಗಳನ್ನೇ ಎಂಬುದನ್ನು ಒಪ್ಪಿಕೊಂಡೇ ಮಾತಾಡಬೇಕು. ನಿಂಬೆ ಗಿಡದಲ್ಲಿ ಬೆಳೆಯುವ ಲೈಮ್ ಚಿಟ್ಟೆಗಳನ್ನು ಗುಮ್ಮಟದಲ್ಲಿ ನೂರು ಹುಟ್ಟಿಸಿದರೆ ನಾಡಿನ ಲೈಮ್ ಚಿಟ್ಟೆಯ ಹಣೆಬರಹ ಬದಲಾಗುವುದಿಲ್ಲ. ಯಾವ ಹುಳುವಿಗೆ ಯಾವ ಎಲೆ, ಯಾವ ಹದದ ಎಲೆ, ಯಾವ ತಿಂಗಳಲ್ಲಿ, ಯಾವ ರೋಗಕ್ಕೆ ಏನು ಎಂಬ ತಿಳಿವಳಿಕೆ ಕೂಡಿಬರುತ್ತದಲ್ಲ, ಅದು ಬದಲಿಸಬಹುದು.

ವಿದೇಶಗಳಲ್ಲಿ ಈ ಮನೆಗಳು ಹುಟ್ಟಿದ್ದೇ ಬೇರೆ ದಾರಿಯಲ್ಲಿ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ದಕ್ಷಿಣಕ್ಕಿರುವ ಗರ್ನ್ಸಿ ದ್ವೀಪದ ಹಸಿರುಮನೆಯೊಂದರಲ್ಲಿ ಶುರುವಾದ ಪ್ರಯೋಗ, 1981ರಲ್ಲಿ ಲಂಡನ್ನಿನ ಸಯನ್ ಪಾರ್ಕಿಗೆ ಬಂದು ಜನಪ್ರಿಯವಾಯಿತು. ಅಲ್ಲಿನ ಮನೆಗಳಲ್ಲಿ ಹಾರುವುದು ಬಹುಪಾಲು ಪರದೇಶದ ಚಿಟ್ಟೆ. ಕೋಸ್ಟರಿಕಾ, ಮಲೇಷ್ಯಾ, ಫಿಲಿಪ್ಪೀನ್ಸ್‌ನ ರೈತರು ಕೋಶಗಳನ್ನು ಬೆಳೆದು ಹತ್ತಿಯಲ್ಲಿ ಸುತ್ತಿ ವಿಮಾನದಲ್ಲಿ ಕಳಿಸುತ್ತಾರೆ, ಅಲ್ಲಿ ಕೊಕ್ಕೆಗೆ ತೂಗುಹಾಕಿದರೆ ಚಿಟ್ಟೆ ಹೊರಬರುತ್ತದೆ. ನಮ್ಮ ಚಿಟ್ಟೆಮನೆಗಳು ಆ ದಾರಿ ಹಿಡಿಯದೆ ಸುತ್ತಲಿನ ಜಾತಿಗಳನ್ನೇ ಸಾಕುತ್ತಿರುವುದು ನನಗೆ ಸರಿ ಅನ್ನಿಸುತ್ತದೆ. ಲೈಮ್ ಚಿಟ್ಟೆಯೇ ಸಾಕ್ಷಿ. ಏಷ್ಯಾದ ಈ ಜಾತಿ 2004ರ ಸುಮಾರಿಗೆ ಕೆರಿಬಿಯನ್ನಿನ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಾಣಿಸಿಕೊಂಡು ಅಲ್ಲಿನ ನಿಂಬೆ, ಕಿತ್ತಳೆ ಸಸಿಗಳಿಗೆ ಕಂಟಕವಾಯಿತು. ಒಂದು ಊರಿನ ಅತಿಥಿ ಇನ್ನೊಂದು ಊರಿನ ಪಿಡುಗು.

ಗುಮ್ಮಟವೇ ಬೇಡ ಎಂದವರೂ ನಮ್ಮ ರಾಜ್ಯದಲ್ಲಿದ್ದಾರೆ. ಮೂಡುಬಿದಿರೆ ಬಳಿಯ ಬೆಳ್ವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ತಮ್ಮ 7.35 ಎಕರೆಯಲ್ಲಿ ಚಾವಣಿಯಿಲ್ಲದ ಚಿಟ್ಟೆ ಉದ್ಯಾನ ಮಾಡಿದರು. ಆತಿಥೇಯ ಗಿಡ ನೆಟ್ಟರು, ಹೂವಿನ ಗಿಡ ನೆಟ್ಟರು, ಚಿಟ್ಟೆಗಳು ತಾವಾಗಿ ಬಂದವು. ಅಲ್ಲಿ ದಾಖಲಾದ ಜಾತಿಗಳು ನೂರಕ್ಕೂ ಹೆಚ್ಚು. ಆದರೆ ಅದು ಘಟ್ಟದ ಬುಡ, ಮಳೆಯ ಸೀಮೆ. ನಮ್ಮ ಬಿಸಿಲಿಗೆ ಹೋಲಿಸಬಹುದಾದದ್ದು ತಮಿಳುನಾಡಿನ ಶ್ರೀರಂಗದ್ದು. ಕಾವೇರಿ ಮತ್ತು ಕೊಳ್ಳಿಡಂ ನಡುವಿನ ಅರಣ್ಯಭೂಮಿಯಲ್ಲಿ, ಸುಮಾರು 25 ಎಕರೆಯಲ್ಲಿ, ತಮಿಳುನಾಡು ಅರಣ್ಯ ಇಲಾಖೆ 2015ರಲ್ಲಿ ತೆರೆದ ಚಿಟ್ಟೆ ಸಂರಕ್ಷಣಾಲಯ. ತಿರುಚಿರಾಪಳ್ಳಿಯ ಬೇಸಿಗೆ ರಾಯಚೂರಿಗೆ ಹೊಸದಲ್ಲ. ಬಯಲು ಸೀಮೆಯ ಉರಿಯಲ್ಲೂ ನದಿಯ ತೇವವಿದ್ದರೆ ಇದು ಸಾಧ್ಯ ಎಂಬುದಕ್ಕೆ ಅದು ಉದಾಹರಣೆ. ನಮ್ಮಲ್ಲಿ 42 ಡಿಗ್ರಿ ದಾಟುವ ಏಪ್ರಿಲ್, ಮೇನಲ್ಲಿ ಪಾರದರ್ಶಕ ಚಾವಣಿಯ ಮನೆ ಕಟ್ಟಿದರೆ ಚಿಟ್ಟೆಗಳು ಬೇಯುತ್ತವೆ. ಇಡೀ ದಿನ ಮಂಜು ಸಿಂಪಡಿಸುವ ಯಂತ್ರ, ಅದಕ್ಕೆ ಕೈಕೊಡದ ಕರೆಂಟು ಬೇಕು. ಕಾಲುವೆಯ ದಂಡೆಯಲ್ಲಿ ಚಾವಣಿಯಿಲ್ಲದ ಗಿಡಗಾವಲು ಮಾಡಿದರೆ ಅಷ್ಟೆಲ್ಲ ರಾದ್ಧಾಂತವಿಲ್ಲ. ಮುಂಗಾರಿನಿಂದ ದೀಪಾವಳಿಯ ನಂತರದವರೆಗೆ ಚಿಟ್ಟೆ ಇರುತ್ತವೆ, ಬೇಸಿಗೆಯಲ್ಲಿ ಕಡಿಮೆಯಾಗುತ್ತವೆ. ಕಡಿಮೆಯಾಗುವುದೇ ಈ ನೆಲದ ಪದ್ಧತಿ.

ಮಸ್ಕಿಯ ಬಂಡೆಯಿಂದ

ಮಸ್ಕಿಯ ದುರ್ಗದ ಗುಡ್ಡದಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು ಎಂಬುದನ್ನು ನಮ್ಮ ಜಿಲ್ಲೆಯ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಅರಸ ಪಟ್ಟಕ್ಕೆ ಬಂದ 26 ವರ್ಷಗಳಿಗೆ ಉತ್ತರದ ಕಂಬಗಳ ಮೇಲೆ ಕೆತ್ತಿಸಿದ ಐದನೇ ಸ್ತಂಭಶಾಸನ ಇಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದು ಕೊಲ್ಲಬಾರದ ಜೀವಿಗಳ ಪಟ್ಟಿ. ಗಿಳಿ, ಬಾವಲಿ, ಆಮೆ, ಮುಳ್ಳುಹಂದಿ ಮಾತ್ರವಲ್ಲ, ವಿದ್ವಾಂಸರು ರಾಣಿ ಇರುವೆ ಎಂದು ಅರ್ಥೈಸುವ ಜೀವಿಯೂ ಅದರಲ್ಲಿದೆ. ಚಿಟ್ಟೆಯ ಹೆಸರಿಲ್ಲ. ಆದರೆ ಪಟ್ಟಿಯ ನಂತರ ಎರಡು ಕಟ್ಟಳೆಗಳಿವೆ: ಜೀವಿಗಳಿರುವ ಹೊಟ್ಟಿಗೆ ಬೆಂಕಿ ಇಡಬಾರದು, ಕಾಡನ್ನು ಸುಮ್ಮನೆ ಸುಡಬಾರದು. ಇರುವೆಯ ಮಟ್ಟಕ್ಕೆ ಇಳಿದು ಯೋಚಿಸಿದ ಆಡಳಿತಗಾರರು ಆಮೇಲೆ ಎಷ್ಟು ಜನ ಬಂದರೋ.

ಯಂತ್ರದಲ್ಲಿ ಭತ್ತ ಕೊಯ್ದ ಗದ್ದೆಗೆ, ಮುಂದಿನ ಬೆಳೆಗೆ ತಡವಾಗಬಾರದೆಂದು ಬೆಂಕಿ ಇಡುವ ರೂಢಿ ತುಂಗಭದ್ರೆಯ ಅಚ್ಚುಕಟ್ಟಿನಲ್ಲೂ ಇದೆ. ಕೂಳೆಯ ಜೊತೆ ಬದುವಿನ ಹುಲ್ಲೂ ಉರಿಯುತ್ತದೆ, ಅದರಲ್ಲಿ ಈವ್ನಿಂಗ್ ಬ್ರೌನ್‌ನ ಹುಳು, ಕೋಶಗಳೂ. ರೈತನನ್ನು ಬೈದು ಪ್ರಯೋಜನವಿಲ್ಲ. ಹುಲ್ಲು ಸುತ್ತುವ ಯಂತ್ರದ ಬಾಡಿಗೆ, ಕಾಲುವೆಗೆ ನೀರು ಬಿಡುವ ತಾರೀಕು ಎರಡೂ ಅವನ ಕೈಯಲ್ಲಿಲ್ಲ. ಬದುವನ್ನಾದರೂ ಬೆಂಕಿಯಿಂದ, ಕಳೆಯೆಣ್ಣೆಯಿಂದ ಉಳಿಸಿದರೆ ಅವನಿಗೂ ಸಣ್ಣ ಲಾಭವಿದೆ. ಚಿಟ್ಟೆಯ ಮೊಟ್ಟೆ ಹುಡುಕಿಬರುವ ಆ ಕಣಜಗಳ ಬಳಗವೇ ಭತ್ತದ ಕಾಂಡ ಕೊರೆಯುವ ಹುಳದ ಮೊಟ್ಟೆಗೂ ಶತ್ರು. ಅಂಥ ಟ್ರೈಕೋಗ್ರಾಮ ಕಣಜಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಕಾರ್ಡಿಗೆ ಅಂಟಿಸಿ ರೈತರಿಗೆ ಕೊಡುವ ಪದ್ಧತಿ ಕೃಷಿ ಇಲಾಖೆಗಳಿಗೆ ಚೆನ್ನಾಗಿ ಗೊತ್ತು.

ಈ ಮೂರು ತಾಲ್ಲೂಕಿನವರಿಗೆ ಹತ್ತಿರದ ವನ್ಯಜೀವಿ ಉದ್ಯಾನ ಎಂದರೆ ಗಂಗಾವತಿ ದಾಟಿ, ಹಂಪಿಯ ಮಗ್ಗುಲಿನ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ. ಅಲ್ಲೇ ಪಕ್ಕದಲ್ಲಿ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ. ನಮ್ಮದೇ ಬಗೆಯ ಕಲ್ಲುಗುಡ್ಡ, ನಮ್ಮದೇ ಬಗೆಯ ಕುರುಚಲು. ಕರಡಿ ಉಳಿಯಲಿ ಎಂದು ಬೇಲಿ ಹಾಕಿದ ನೆಲದಲ್ಲಿ ಬಾರಿ, ತಂಗಡಿ, ಮುಳ್ಳುಪೊದೆಗಳು ಎಷ್ಟು ದಟ್ಟವಾಗಿ ಬೆಳೆಯಬಲ್ಲವು ಎಂದು ನೋಡಲಾದರೂ ಅಲ್ಲಿಗೆ ಹೋಗಬೇಕು. ಸೆಪ್ಟೆಂಬರ್ ಒಳ್ಳೆಯ ಕಾಲ. 2020ರಿಂದ ಆ ತಿಂಗಳನ್ನು ದೇಶದ ಚಿಟ್ಟೆಪ್ರಿಯರು ಬಿಗ್ ಬಟರ್‌ಫ್ಲೈ ಮಂತ್ ಎಂದು ಆಚರಿಸುತ್ತಾರೆ. ಊರೂರಿನಲ್ಲಿ ಕಂಡದ್ದನ್ನು ಎಣಿಸಿ ದಾಖಲಿಸುತ್ತಾರೆ. ಪಶ್ಚಿಮ ಘಟ್ಟದ ಹಳ್ಳಿಗಳಿಂದ ಬರುವಷ್ಟು ದಾಖಲೆ ಎರೆಸೀಮೆಯಿಂದ ಬರುವುದಿಲ್ಲ. ಚಿಟ್ಟೆಗಿಂತ ಎಣಿಸುವವರೇ ಇಲ್ಲಿ ಕಡಿಮೆ.

ಎಣಿಸುವುದನ್ನು ಕಲಿಯಲು ಶಾಲೆಯ ಅಂಗಳದಲ್ಲಿ ಒಂದು ಕರಿಬೇವು ಸಾಕು. ಬಿಸಿಯೂಟದ ಒಗ್ಗರಣೆಗೂ ಆಯಿತು. ಲೈಮ್ ಚಿಟ್ಟೆ ಚಿಗುರಿನ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ ಇಟ್ಟು ಹೋಗುತ್ತದೆ. ಮೂರು ನಾಲ್ಕು ದಿನಕ್ಕೆ ಹುಳು. ಮೊದಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆ ಕೊಂಬು ಹೊರಚಾಚಿ ಕೊಳೆತ ಹಣ್ಣಿನ ವಾಸನೆ ಬಿಡುತ್ತದೆ. ಎರಡು ವಾರದ ಆಸುಪಾಸಿಗೆ ಕೋಶ, ಇನ್ನೊಂದು ವಾರ ಹತ್ತು ದಿನಕ್ಕೆ ಚಿಟ್ಟೆ. ಹುಳುವನ್ನು ಡಬ್ಬಿಗೆ ಹಾಕದೆ ಗಿಡದಲ್ಲೇ ಬಿಟ್ಟರೆ ಒಳ್ಳೆಯದು. ಹತ್ತು ಹುಳುಗಳಲ್ಲಿ ಚಿಟ್ಟೆಯಾಗುವುದು ಒಂದೋ ಎರಡೋ, ಕೆಲವು ಸಲ ಅದೂ ಇಲ್ಲ. ಒಂದು ಬೆಳಿಗ್ಗೆ ಕೋಶದ ಮೈಯಲ್ಲಿ ಸಣ್ಣ ತೂತು ಬಿದ್ದು, ಒಳಗಿಂದ ಹತ್ತಾರು ಪುಟಾಣಿ ಕಣಜಗಳು ಹೊರಬರುವುದನ್ನು ಮಕ್ಕಳು ನೋಡಬಹುದು. ಗಿಡ ಕೆಟ್ಟಿತೆಂದು ಆಗ ಮೇಷ್ಟ್ರು ಎಣ್ಣೆ ಹೊಡೆಸಬಾರದು, ಅಷ್ಟೆ. ಎಣಿಕೆಯ ಪುಸ್ತಕದಲ್ಲಿ ಕಣಜಕ್ಕೂ ಒಂದು ಸಾಲು ಹಾಕಿಸಬೇಕು.